ಅಪ್ಪನಿಗೆ ಸ್ಟೆಂಟ್ ಹಾಕಿ ಹದಿನೈದು ದಿನ: ಮಲಗಿಯೇ ಇರಬೇಕೇ, ನಡೆಯಬಹುದೇ?

ತೋಟದಮನೆ ಮಗಳು · ಆಗಸ್ಟ್ 10

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಅಪ್ಪನಿಗೆ 61 ವರ್ಷ. ಹದಿನೈದು ದಿನಗಳ ಹಿಂದೆ ಬೆಳಗಿನ ಜಾವ ಎದೆನೋವು ಬಂತು. ಶಿವಮೊಗ್ಗಕ್ಕೆ ಕರೆದೊಯ್ದೆವು. ಹೃದಯಾಘಾತ ಎಂದರು, ಆಂಜಿಯೋಪ್ಲಾಸ್ಟಿ ಮಾಡಿ, ಅಂದರೆ ಕಟ್ಟಿದ ರಕ್ತನಾಳ ತೆರೆದು, ಒಂದು ಸ್ಟೆಂಟ್ ಹಾಕಿದರು, ನಾಲ್ಕನೇ ದಿನ ಮನೆಗೆ ಕಳುಹಿಸಿದರು. ಡಿಸ್ಚಾರ್ಜ್ ಹಾಳೆಯಲ್ಲಿ ಏಳು ಮಾತ್ರೆಗಳ ಪಟ್ಟಿ ಇದೆ. ಕೊನೆಯ ಸಾಲಿನಲ್ಲಿ ‘ರೆಸ್ಟ್’ ಎಂಬ ಒಂದೇ ಪದ. ಎಷ್ಟು ದಿನ, ಎಂಥ ರೆಸ್ಟ್ ಎಂದು ಯಾರೂ ಹೇಳಲಿಲ್ಲ. ಆ ಗಡಿಬಿಡಿಯಲ್ಲಿ ನಾವೂ ಕೇಳಲಿಲ್ಲ.

ಈಗ ಅಮ್ಮ ಅಪ್ಪನಿಗೆ ಬಾಣಂತನ ಮಾಡುತ್ತಿದ್ದಾರೆ. ಊಟ ಹಾಸಿಗೆಗೆ, ಬಿಸಿನೀರು ಹಾಸಿಗೆಗೆ. ನೋಡಲು ಬಂದವರೆಲ್ಲ ಮೂರು ತಿಂಗಳು ಮೆಟ್ಟಿಲು ಮುಟ್ಟಬಾರದು ಎಂದು ಹೇಳಿ ಹೋಗುತ್ತಾರೆ. ಚಿಕ್ಕಪ್ಪ ಹೃದಯದ ಸ್ಕ್ಯಾನ್ ಆದ ಎಕೋದ ವರದಿ ನೋಡಿ, ‘ಇಎಫ್ 45 ಅಂತೆ, ಹೃದಯ ಅರ್ಧಕ್ಕರ್ಧವೂ ಕೆಲಸ ಮಾಡುತ್ತಿಲ್ಲ’ ಎಂದು ಅಪ್ಪನ ಎದುರೇ ಹೇಳಿಬಿಟ್ಟರು. ಅಂದಿನಿಂದ ಅಪ್ಪ ಏಳುವುದೇ ಇಲ್ಲ. ಎರಡು ಎಕರೆ ತೋಟವನ್ನು ದಿನಕ್ಕೆ ಎರಡು ಸಲ ಸುತ್ತುತ್ತಿದ್ದವರು ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾರೆ.

ನಮ್ಮ ಮನೆ ಇಳಿಜಾರಿನಲ್ಲಿದೆ. ಮೇಲೆ ರಸ್ತೆ, ಕೆಳಗೆ ತೋಟ. ಸಮತಟ್ಟಾಗಿ ಇರುವುದು ಅಂಗಳ ಮಾತ್ರ, ಅದರಲ್ಲೂ ಈಗ ಮಳೆ, ಪಾಚಿ. ಇಂಥ ಕಡೆ ಹೇಗೆ ನಡೆಸಲಿ? ನಡೆಸಬಹುದೇ? ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದೇನೆ, ಇನ್ನು ಹನ್ನೆರಡು ದಿನ ಇರುತ್ತೇನೆ.

ಮೂರನೇ ಗೇರ್ · ಆಗಸ್ಟ್ 10

ತಂಗೀ, ಮೊದಲು ನಿಮ್ಮ ಚಿಕ್ಕಪ್ಪನವರನ್ನು ಕೆಲವು ದಿನ ಮನೆಗೆ ಬರದಂತೆ ನೋಡಿಕೊಳ್ಳಿ. ನಾನು ಸಾರಿಗೆ ಸಂಸ್ಥೆಯ ನಿವೃತ್ತ ಚಾಲಕ, ಐದು ವರ್ಷದ ಹಿಂದೆ ಬೈಪಾಸ್ ಆಗಿದೆ. ಎದೆ ಸೀಳಿ ಹೊಲಿದ ನನ್ನನ್ನೇ ಮೂರನೇ ದಿನ ವಾರ್ಡಿನ ಕಾರಿಡಾರಿನಲ್ಲಿ ನಡೆಸಿದರು. ನಿಮ್ಮ ತಂದೆಯವರಿಗೆ ಎದೆಯ ಮೇಲೆ ಒಂದು ಹೊಲಿಗೆಯೂ ಇಲ್ಲ.

ಫಿಸಿಯೋ ಧಾರವಾಡ · ಆಗಸ್ಟ್ 11

ಹೃದ್ರೋಗ ವಿಭಾಗದಲ್ಲಿ 22 ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದವಳು ನಾನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಆ 45. ಇಎಫ್ ಎಂದರೆ ನೂರಕ್ಕೆ ಪಡೆದ ಅಂಕವಲ್ಲ. ಹೃದಯದ ಎಡ ಕೋಣೆ ತುಂಬಿದಾಗ ಅದರಲ್ಲಿರುವ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಭಾಗ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಗಟ್ಟಿಮುಟ್ಟಾದವರಲ್ಲೂ ಅದು 55ರಿಂದ 70ರ ನಡುವೆ ಇರುತ್ತದೆ. ಆದ್ದರಿಂದ 45 ಎಂದರೆ ಸ್ವಲ್ಪ ಕಡಿಮೆ, ಅಷ್ಟೇ. ಆಘಾತವಾದ ಮೊದಲ ದಿನಗಳಲ್ಲಿ ಪೆಟ್ಟು ತಿಂದ ಸ್ನಾಯು ಮರಗಟ್ಟಿರುತ್ತದೆ. ಆರೆಂಟು ವಾರಗಳ ನಂತರ ಮತ್ತೆ ಎಕೋ ಮಾಡಿದಾಗ ಅನೇಕರಲ್ಲಿ ಏರಿರುತ್ತದೆ. ಇದನ್ನು ತಂದೆಯವರಿಗೆ ಹೀಗೆಯೇ ಬಿಡಿಸಿ ಹೇಳಿ. ನಾನು ಕಂಡ ರೋಗಿಗಳಲ್ಲಿ ಈ ಒಂದು ಅಂಕಿಯನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಹಾಸಿಗೆ ಹಿಡಿದವರು ಬಹಳ.

ಇನ್ನು ಮಲಗುವ ವಿಷಯ. ನಿಮ್ಮ ನೆಂಟರ ಸಲಹೆಯೂ ಒಂದು ಕಾಲದ ವೈದ್ಯಶಾಸ್ತ್ರವೇ. 1940ರ ದಶಕದಲ್ಲಿ ಹೃದಯಾಘಾತವಾದವರನ್ನು ಆರು ವಾರ ಹಾಸಿಗೆಯಲ್ಲಿ ಅಲುಗಾಡದಂತೆ ಮಲಗಿಸುತ್ತಿದ್ದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಸತ್ತವರಿದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ವಿವಾದವಾಗಿತ್ತು. ಕುರ್ಚಿಯಿಂದ ಕಾರಿಡಾರಿಗೆ, ಅಲ್ಲಿಂದ ಟ್ರೆಡ್‌ಮಿಲ್‌ಗೆ ಬರಲು ಇನ್ನಷ್ಟು ವರ್ಷ ಹಿಡಿಯಿತು. ನಿಮ್ಮ ಊರಿನ ಸಲಹೆ ಎಪ್ಪತ್ತು ವರ್ಷ ಹಿಂದೆಯೇ ನಿಂತಿದೆ.

ಈಗ ಇದಕ್ಕೆ ಹೃದಯ ಪುನಶ್ಚೇತನ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕೂರಿಸಿ ನಿಲ್ಲಿಸುವುದು ಮೊದಲ ಹಂತ. ಮನೆಗೆ ಹೋದ ಮೇಲೆ ಸುಮಾರು ಹನ್ನೆರಡು ವಾರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ, ಊಟ, ಮಾತ್ರೆ, ತಂಬಾಕು ಬಿಡಿಸುವುದು, ಮನಸ್ಸಿಗೆ ಧೈರ್ಯ ಕೊಡುವುದು ಎರಡನೆಯದು. ಮೂರನೆಯದು ಜೀವನಪೂರ್ತಿ. ನಮ್ಮಲ್ಲಿ ಮೊದಲ ಹಂತ ಮುಗಿದ ಕೂಡಲೇ ಆಟೋ ಹತ್ತಿಸಿ ಕಳುಹಿಸುತ್ತೇವೆ. ಸ್ಟೆಂಟ್ ಸರಿಪಡಿಸಿದ್ದು ರಕ್ತನಾಳದಲ್ಲಿ ಎರಡು ಮೂರು ಸೆಂಟಿಮೀಟರ್ ಜಾಗವನ್ನು ಮಾತ್ರ. ಉಳಿದ ನಾಳವೆಲ್ಲ ಹಿಂದಿನದೇ, ಅದನ್ನು ಹಾಳು ಮಾಡಿದ ಕಾರಣಗಳೂ ಹಿಂದಿನವೇ. 85 ಪ್ರಯೋಗಗಳ, 23,000ಕ್ಕೂ ಹೆಚ್ಚು ರೋಗಿಗಳ ಫಲಿತಾಂಶವನ್ನು ಒಟ್ಟು ಮಾಡಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ವ್ಯಾಯಾಮ ಆಧರಿತ ಪುನಶ್ಚೇತನ ಪಡೆದವರಲ್ಲಿ ಹೃದಯ ಸಂಬಂಧಿ ಸಾವು ಸುಮಾರು ಕಾಲು ಭಾಗ ಕಡಿಮೆ ಕಂಡಿತು. ಮಾತ್ರೆಯಾಗಿದ್ದರೆ ಇದನ್ನು ಬರೆಯದ ವೈದ್ಯರನ್ನು ನಾವು ಸುಮ್ಮನೆ ಬಿಡುತ್ತಿರಲಿಲ್ಲ.

ಮಾಡಬೇಕಾದದ್ದು: ಡಿಸ್ಚಾರ್ಜ್ ಮಾಡಿದ ವೈದ್ಯರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಬೇರೆ ನಾಳಗಳಲ್ಲಿ ದೊಡ್ಡ ಬ್ಲಾಕ್ ಉಳಿದಿದೆಯೇ, ಹೃದಯದ ಲಯದಲ್ಲಿ ತೊಂದರೆ ಇದೆಯೇ, ನಡಿಗೆ ಶುರು ಮಾಡಬಹುದೇ. ಅವರು ಹೂಂ ಎಂದರೆ ನಾಳೆಯೇ ಆರಂಭ. ಜಾಗ ಯಾವುದಿದೆ, ಬರೆಯಿರಿ.

ಹೊಳೆಮತ್ತಿ · ಆಗಸ್ಟ್ 11

ಹೊಳೆಮತ್ತಿ ಚಕ್ಕೆಯ ಕಷಾಯ, ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನು ಕುದಿಸಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಮೂರು ತಿಂಗಳಲ್ಲಿ ಬ್ಲಾಕ್ ಕರಗುತ್ತದೆ. ನಮ್ಮ ಪರಿಚಯದವರು ಬೈಪಾಸ್ ತಪ್ಪಿಸಿಕೊಂಡಿದ್ದಾರೆ. ಅಷ್ಟೊಂದು ಮಾತ್ರೆ ನುಂಗಿಸಿದರೆ ಕಿಡ್ನಿ ಹೋಗುತ್ತದೆ.

ಫಿಸಿಯೋ ಧಾರವಾಡ · ಆಗಸ್ಟ್ 11

ರಾಯರೇ, ಹೊಳೆಮತ್ತಿಯನ್ನು ನಮ್ಮ ಹಿರಿಯರು ಬಳಸಿದ್ದಾರೆ, ಅದರ ಮೇಲೆ ಸಣ್ಣಪುಟ್ಟ ಅಧ್ಯಯನಗಳೂ ಆಗಿವೆ. ಆದರೆ ನಾಳದಲ್ಲಿ ಕಟ್ಟಿದ ಕೊಬ್ಬನ್ನು ಅದು ಕರಗಿಸಿತು ಎಂಬುದಕ್ಕೆ ಆಧಾರವಿಲ್ಲ. ಅದಕ್ಕಿಂತ ಮುಖ್ಯ, ಹೊಸ ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕುಳಿತ ಲೋಹದ ಬಲೆ. ಅದರ ಮೇಲೆ ನಾಳದ ಒಳಪದರ ಬೆಳೆಯುವವರೆಗೆ ಯಾವ ಕ್ಷಣದಲ್ಲೂ ರಕ್ತ ಹೆಪ್ಪುಗಟ್ಟಬಹುದು. ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುವುದು ಅದಕ್ಕೆ. ಅದನ್ನು ಬಿಡಿಸಿ ಕಷಾಯ ಕೊಟ್ಟರೆ ಎರಡನೇ ಆಘಾತ ಬರುವುದು ಮೊದಲನೆಯದಕ್ಕಿಂತ ಕೆಟ್ಟದಾಗಿ. ಬೆಳ್ಳುಳ್ಳಿಯನ್ನು ಔಷಧದಂತೆ ರಾಶಿ ರಾಶಿ ತಿಂದರೆ ಇದೇ ಮಾತ್ರೆಗಳ ಜೊತೆ ಸೇರಿ ರಕ್ತಸ್ರಾವ ಹೆಚ್ಚಬಹುದು. ಸಾರಿನ ಒಗ್ಗರಣೆಗೆ ಹಾಕಿ, ತೊಂದರೆ ಇಲ್ಲ.

ನಿರ್ವಾಹಕ · ಆಗಸ್ಟ್ 11

ಮಾತ್ರೆ ಬಿಡಿಸುವ ಅಥವಾ ಪ್ರಮಾಣ ಬದಲಿಸುವ ಸಲಹೆಗಳನ್ನು ಯಾರೂ ಇಲ್ಲಿ ಬರೆಯಬೇಡಿ. ಅದು ಚಿಕಿತ್ಸೆ ಕೊಟ್ಟ ವೈದ್ಯರ ಕೆಲಸ.

ಮೂರನೇ ಗೇರ್ · ಆಗಸ್ಟ್ 11

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಾನೇ. ಬೈಪಾಸ್ ಆಗಿ ಎಂಟು ತಿಂಗಳಿಗೆ ಮೈ ಹಗುರಾಯಿತು, ಕೊಲೆಸ್ಟರಾಲ್ ವರದಿ ಚೆನ್ನಾಗಿ ಬಂತು. ‘ಎಲ್ಲ ಸರಿಯಾಯಿತಲ್ಲ’ ಎಂದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಆಸ್ಪಿರಿನ್ನನ್ನೂ ನಿಲ್ಲಿಸಿದೆ. ವರದಿ ಚೆನ್ನಾಗಿ ಬಂದದ್ದು ಮಾತ್ರೆಯಿಂದ ಎಂದು ತಲೆಗೆ ಹೋಗಲಿಲ್ಲ. ಬಸ್ಸಿಗೆ ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ ಎಂದು ಬ್ರೇಕ್ ಕಿತ್ತು ಹಾಕಿದಂತಾಯಿತು. ಮುಂದಿನ ವರ್ಷ ಮತ್ತೆ ಎದೆನೋವು, ಮತ್ತೆ ಆಂಜಿಯೋಗ್ರಾಂ, ಬೈಪಾಸ್ ಮಾಡಿದ ನಾಳಕ್ಕೇ ಸ್ಟೆಂಟ್.

ತೋಟದಮನೆ ಮಗಳು · ಆಗಸ್ಟ್ 12

ವೈದ್ಯರು ಸಿಕ್ಕರು. ಬೇರೆ ನಾಳಗಳಲ್ಲಿ ದೊಡ್ಡದೇನೂ ಇಲ್ಲ, ಲಯ ಸರಿಯಿದೆ, ನಿಧಾನವಾಗಿ ನಡೆಸಿ ಎಂದರು. ಇಷ್ಟನ್ನು ಅವತ್ತೇ ಹೇಳಿದ್ದರೆ!

ಅಂಗಳ ಜಾರುತ್ತದೆ. ಜಗಲಿ ಇದೆ, ಅಳತೆ ಹಿಡಿದೆ, 36 ಅಡಿ ಉದ್ದ. ಸಾಕೇ?

ಫಿಸಿಯೋ ಧಾರವಾಡ · ಆಗಸ್ಟ್ 12

ಬೇಕಾದಷ್ಟಾಯಿತು. ಹೃದಯಕ್ಕೆ ಜಗಲಿಯೂ ಒಂದೇ, ಜಿಮ್ಮೂ ಒಂದೇ.

ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿ. ಆಸ್ಪತ್ರೆಯಲ್ಲಿ ಇದನ್ನು 30 ಮೀಟರ್ ಕಾರಿಡಾರಿನಲ್ಲಿ ಮಾಡುತ್ತೇವೆ. ನಿಮ್ಮ ಜಗಲಿ 11 ಮೀಟರ್, ತಿರುವು ಹೆಚ್ಚು, ಹಾಗಾಗಿ ಬೇರೆಯವರ ಅಂಕಿಯೊಂದಿಗೆ ಹೋಲಿಸಬೇಡಿ. ಇವತ್ತಿನ ಅಪ್ಪನನ್ನು ಮುಂದಿನ ತಿಂಗಳ ಅಪ್ಪನೊಂದಿಗೆ ಹೋಲಿಸಲು ಸಾಕು. ಅವರ ಪಾಡಿಗೆ ಅವರು ನಡೆಯಲಿ, ದಣಿವಾದರೆ ನಿಲ್ಲಲಿ, ಗಡಿಯಾರ ನಿಲ್ಲಿಸಬೇಡಿ. ಪಕ್ಕದಲ್ಲಿ ಒಂದು ಕುರ್ಚಿ ಇರಲಿ.

ಆಮೇಲೆ ದಿನಚರಿ. ಮೊದಲ ವಾರ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ಆರನೇ ವಾರದ ಹೊತ್ತಿಗೆ ಒಂದೇ ಸಲಕ್ಕೆ ಮೂವತ್ತು ನಿಮಿಷ ಬಂದರೆ ಒಳ್ಳೆಯ ಪ್ರಗತಿ. ಮೊದಲ ಐದು ನಿಮಿಷ ಮೆಲ್ಲಗೆ, ಕೊನೆಯ ಐದು ನಿಮಿಷವೂ ಮೆಲ್ಲಗೆ. ಕೊನೆಯ ಭಾಗವನ್ನು ಎಲ್ಲರೂ ಬಿಡುತ್ತಾರೆ. ಬಿರುಸಾಗಿ ನಡೆದವರು ಥಟ್ಟನೆ ನಿಂತರೆ ರಕ್ತ ಕಾಲಿನಲ್ಲಿ ಉಳಿದು ಬಿಪಿ ಇಳಿದು ತಲೆ ಸುತ್ತುತ್ತದೆ. ಊಟವಾದ ಕೂಡಲೇ ನಡೆಯುವುದು ಬೇಡ, ಒಂದು ಗಂಟೆ ಬಿಡಿ. ಮಲೆನಾಡಿನ ಚಳಿಗೆ ನಾಳಗಳು ಸಂಕುಚಿಸುತ್ತವೆ, ಆದ್ದರಿಂದ ಬೆಳಗಿನ ಜಾವ ಬೇಡ, ಬಿಸಿಲೇರಲಿ.

ಎಷ್ಟು ವೇಗ? ನಾಡಿ ಎಣಿಸಿ ಗುರಿ ಇಡುವ ಲೆಕ್ಕ ನಿಮ್ಮ ತಂದೆಯವರಿಗೆ ಹೊಂದುವುದಿಲ್ಲ. ಪಟ್ಟಿಯಲ್ಲಿ ಸಾಮಾನ್ಯವಾಗಿ ಮೆಟೊಪ್ರೊಲಾಲ್‌ನಂತಹ ಮಾತ್ರೆ ಇರುತ್ತದೆ, ಅದು ನಾಡಿಯನ್ನು ಏರಲು ಬಿಡುವುದಿಲ್ಲ. ಬದಲಿಗೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಮಾಪಕ ಬಳಸಿ. ಅದು 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. ವಿಚಿತ್ರ ಅಂಕಿ ಎನಿಸಬಹುದು. ಹತ್ತರಿಂದ ಗುಣಿಸಿದರೆ ಆರೋಗ್ಯವಂತ ತರುಣನ ನಾಡಿ ಬಡಿತಕ್ಕೆ ಹತ್ತಿರ ಬರಲಿ ಎಂದು ಹಾಗೆ ಮಾಡಿದರು. 6 ಎಂದರೆ ಕುಳಿತಂತೆ. 11 ಎಂದರೆ ಹಗುರ. 13 ಎಂದರೆ ಸ್ವಲ್ಪ ಕಷ್ಟ, ಆದರೆ ಮುಂದುವರಿಯಬಲ್ಲೆ. 20 ಎಂದರೆ ಇನ್ನು ಆಗುವುದೇ ಇಲ್ಲ. ತಂದೆಯವರು 11ರಿಂದ 13ರೊಳಗೆ ಇರಲಿ. ಅಂಕಿ ಬೇಡವೆಂದರೆ ಇನ್ನೊಂದು ಉಪಾಯ: ನಡೆಯುತ್ತಾ ಮಾತನಾಡಲು ಬರಬೇಕು, ಹಾಡಲು ಬರಬಾರದು.

ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು, ತಣ್ಣನೆಯ ಬೆವರು, ತಲೆಸುತ್ತು ಬಂದರೆ ನಿಲ್ಲಿಸಿ ಕೂರಿಸಿ. ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ಕುಳಿತೇ ಇಟ್ಟುಕೊಳ್ಳಬೇಕು, ನಿಂತು ಇಟ್ಟರೆ ಬಿಪಿ ಇಳಿದು ಬೀಳುತ್ತಾರೆ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108.

ಒಗ್ಗರಣೆ · ಆಗಸ್ಟ್ 13

ಇದನ್ನೆಲ್ಲ ಓದುತ್ತಾ ಸಂತೋಷವೂ ಹೊಟ್ಟೆಕಿಚ್ಚೂ ಆಗುತ್ತಿದೆ. ನನಗೆ 54, ಶುಗರ್ ಹದಿನೈದು ವರ್ಷದಿಂದ. ಹೋದ ವರ್ಷ ಬೆನ್ನಿನ ನಡುವೆ ಉರಿ, ದವಡೆ ಸೆಳೆತ, ನಾಲ್ಕು ಹೆಜ್ಜೆಗೆ ಏದುಸಿರು. ಎದೆನೋವು ಬರಲೇ ಇಲ್ಲ. ಮನೆಯವರು ಗ್ಯಾಸ್ಟ್ರಿಕ್ ಎಂದರು, ಸೋಡಾ ಕುಡಿಸಿದರು. ಬೀದಿಯ ಕ್ಲಿನಿಕ್ಕಿನಲ್ಲಿ ಟೆನ್ಷನ್ ಎಂದು ನಿದ್ರೆಗೆ ಮಾತ್ರೆ ಕೊಟ್ಟರು, ಒಂದು ಇಸಿಜಿ ತೆಗೆಯಲಿಲ್ಲ. ಒಂಬತ್ತು ಗಂಟೆಯ ನಂತರ ದೊಡ್ಡ ಆಸ್ಪತ್ರೆಗೆ ಹೋದಾಗ ಹೃದಯಾಘಾತ ಎಂದು ಗೊತ್ತಾಯಿತು.

ನನಗೂ ಸ್ಟೆಂಟ್ ಹಾಕಿದರು. ಮನೆಗೆ ಬಂದ ಐದನೇ ದಿನ ನಾನು ಒಲೆಯ ಮುಂದೆ ಇದ್ದೆ. ಯಾರೂ ಬಾಣಂತನ ಮಾಡಲಿಲ್ಲ, ಯಾರೂ ಜಗಲಿ ಅಳೆಯಲಿಲ್ಲ. ‘ಮನೆಗೆಲಸವೇ ವ್ಯಾಯಾಮವಲ್ಲವೇ’ ಎಂದರು. ಫಿಸಿಯೋ ಅಕ್ಕ, ನಿಜವೇ ಅದು?

ಮೂರನೇ ಗೇರ್ · ಆಗಸ್ಟ್ 13

ತಪ್ಪು ತಿಳಿಯಬೇಡಿ ಅಕ್ಕ, ಸ್ವಲ್ಪ ಮಟ್ಟಿಗೆ ನಿಜವಿರಬೇಕು. ಲಂಡನ್ನಿನ ಡಬಲ್ ಡೆಕರ್ ಬಸ್ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ಜೆರ್ರಿ ಮೋರಿಸ್ ಎಂಬ ವೈದ್ಯ 1953ರಲ್ಲಿ ಬರೆದಿದ್ದನಂತೆ. ದಿನವಿಡೀ ಮಹಡಿ ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯಾಘಾತ ಹೆಚ್ಚು. ನಮ್ಮ ಡಿಪೋದಲ್ಲಿ ನಾನು ಕಂಡದ್ದೂ ಅದೇ. 27 ವರ್ಷ ಎಂಜಿನ್ ಬಿಸಿಯ ಪಕ್ಕದಲ್ಲಿ ಕುಳಿತೆ, ಹೊತ್ತಿಲ್ಲದ ಹೊತ್ತಿನಲ್ಲಿ ಬಸ್ ನಿಲ್ದಾಣದ ಬೋಂಡಾ ತಿಂದೆ, ನಿದ್ರೆ ಓಡಿಸಲು ಬೀಡಿ ಸೇದಿದೆ.

ಫಿಸಿಯೋ ಧಾರವಾಡ · ಆಗಸ್ಟ್ 13

ಅಣ್ಣ, ಆ ಕಥೆಗೆ ಬಾಲವೂ ಇದೆ. ಮೋರಿಸ್ ಮತ್ತು ಸಂಗಡಿಗರು 1956ರಲ್ಲಿ ಆ ನೌಕರರ ಸಮವಸ್ತ್ರದ ಅಳತೆ ತೆಗೆಸಿ ನೋಡಿದರು. ಚಾಲಕರ ಪ್ಯಾಂಟಿನ ಸೊಂಟ ಕಂಡಕ್ಟರುಗಳದಕ್ಕಿಂತ ದೊಡ್ಡದು, ಕೆಲಸಕ್ಕೆ ಸೇರುವಾಗಲೇ! ಅಂದರೆ ಎಲ್ಲವನ್ನೂ ಸೀಟಿನ ಮೇಲೆ ಹೊರಿಸಲಾಗದು. ತಮ್ಮದೇ ಸಿದ್ಧಾಂತದ ತೂತನ್ನು ತಾವೇ ಹುಡುಕಿದ ಆ ಪ್ರಾಮಾಣಿಕತೆ ನನಗೆ ಇಷ್ಟ. ಸೊಂಟದ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ತೂಕದ ಯಂತ್ರಕ್ಕಿಂತ ಟೇಲರಿನ ಟೇಪು ಹೆಚ್ಚು ಹೇಳುತ್ತದೆ.

‘ಒಗ್ಗರಣೆ’ಯವರೇ, ಮನೆಗೆಲಸದಿಂದ ಮೈ ದಣಿಯುತ್ತದೆ, ಆದರೆ ಪುನಶ್ಚೇತನಕ್ಕೆ ಅಷ್ಟು ಸಾಲದು. ಒಮ್ಮೆ ನೀರಿನ ಕೊಡ ಎತ್ತುವುದು, ಒಮ್ಮೆ ನಿಂತೇ ಇರುವುದು, ನಡುವೆ ಬಿಡುವೇ ಇಲ್ಲ. ನಮಗೆ ಬೇಕಾದದ್ದು ಹದವಾಗಿ ಏರಿ, ಅರ್ಧ ಗಂಟೆ ಒಂದೇ ಸಮನೆ ನಡೆದು, ಹದವಾಗಿ ಇಳಿಯುವ ಶ್ರಮ. ಅದರ ನಂತರ ವಿಶ್ರಾಂತಿ. ಪುನಶ್ಚೇತನಕ್ಕೆ ಬರುವವರಲ್ಲಿ ಹೆಂಗಸರು ಕಡಿಮೆ, ಇದು ಎಲ್ಲ ದೇಶಗಳ ಕಥೆ. ಶುಗರ್ ಇರುವವರಲ್ಲಿ ನರಗಳು ಮಂದವಾಗಿ ಎದೆನೋವು ಕಾಣಿಸದೇ ಹೋಗಬಹುದು. ನಿಮಗೆ ಏದುಸಿರೇ ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ. ಒಂದು ವರ್ಷ ಕಳೆದರೂ ತಡವಾಗಿಲ್ಲ, ವೈದ್ಯರಿಗೆ ಒಮ್ಮೆ ತೋರಿಸಿ ನೀವೂ ಆರು ನಿಮಿಷದಿಂದ ಆರಂಭಿಸಿ. ನಡೆಯುವ ಮೊದಲು ಶುಗರ್ ನೋಡಿಕೊಳ್ಳಿ, ಸೆರಗಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಕಟ್ಟಿಕೊಳ್ಳಿ.

ಇಸಿಜಿ ಸಿಸ್ಟರ್ · ಆಗಸ್ಟ್ 13

ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಕಿ ನಾನು. ಒಂಬತ್ತು ಗಂಟೆ ಎಂದು ಓದಿ ಸುಮ್ಮನಿರಲು ಆಗಲಿಲ್ಲ. ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಕೂಡಲೇ ತಜ್ಞರಿಗೆ ಕಳುಹಿಸುತ್ತೇವೆ. ದೊಡ್ಡ ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇವೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಜನರು ಅದನ್ನು ದಾಟಿ, ಎರಡು ಗಂಟೆ ಕಾರು ಓಡಿಸಿ ನೇರ ನಗರಕ್ಕೆ ಹೋಗುತ್ತಾರೆ. ಇಸಿಜಿಗೆ ಐದು ನಿಮಿಷ ಸಾಕು. ‘ಗ್ಯಾಸ್ಟ್ರಿಕ್ ಇರಬಹುದು’ ಎನ್ನುವ ಮಾತನ್ನು ಇಸಿಜಿ ನೋಡಿದ ಮೇಲೆ ಹೇಳೋಣ.

ಕವೆಂಟ್ರಿ ಕನ್ನಡಿಗ · ಆಗಸ್ಟ್ 15

ಇಂಗ್ಲೆಂಡಿನಲ್ಲಿ ನನಗೆ 47ಕ್ಕೇ ಆಘಾತವಾಯಿತು. ಮೂಲ ಹಾಸನ. ಆಸ್ಪತ್ರೆ ಬಿಡುವ ಮೊದಲೇ ಪುನಶ್ಚೇತನದ ನರ್ಸ್ ಹಾಸಿಗೆಯ ಬಳಿ ಬಂದು ಕುಳಿತರು, ಆಮೇಲೆ ಪತ್ರ ಬಂತು. ಬಡಾವಣೆಯ ಕ್ರೀಡಾಕೇಂದ್ರದಲ್ಲಿ ವಾರಕ್ಕೆ ಎರಡು ತರಗತಿ. ಎಪ್ಪತ್ತೈದರ ಅಜ್ಜಂದಿರ ನಡುವೆ ನಾನು. ಮೊದಲ ದಿನ ನಾಚಿಕೆ, ಎರಡನೇ ದಿನ ಅವರಲ್ಲಿ ಒಬ್ಬರು ನನಗಿಂತ ಹೆಚ್ಚು ಹೊತ್ತು ಸೈಕಲ್ ತುಳಿದಾಗ ಇನ್ನೂ ನಾಚಿಕೆ. ಸ್ಟೆಂಟ್ ಯಶಸ್ವಿಯಾಗಿದ್ದರೆ ಇಲ್ಲಿ ಕಾರು ಓಡಿಸಲು ಒಂದು ವಾರ ಬಿಡಬೇಕು, ಬಸ್ ಲಾರಿ ಚಾಲಕರಾದರೆ ಕನಿಷ್ಠ ಆರು ವಾರ, ಮೇಲೆ ವ್ಯಾಯಾಮ ಪರೀಕ್ಷೆ. ಆದರೆ ಇಲ್ಲಿ ಎಲ್ಲವೂ ಚಂದ ಎಂದಲ್ಲ. ಉಚಿತವಾಗಿ ಕರೆದರೂ ಅರ್ಹರಲ್ಲಿ ಸುಮಾರು ಅರ್ಧ ಜನ ಬರುವುದೇ ಇಲ್ಲ.

2025ರಲ್ಲಿ ಹಾಸನದಲ್ಲಿ ಸಾಲಾಗಿ ಆದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಬಂದಾಗ ನಮ್ಮ ಮನೆಯವರೆಲ್ಲ ಕೋವಿಡ್ ಲಸಿಕೆಯನ್ನು ಬೈದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಲಸಿಕೆಗೆ ನೇರ ಸಂಬಂಧವಿಲ್ಲ ಎಂದು ವರದಿ ಕೊಟ್ಟಿತು. ಆ ವರದಿಯನ್ನು ಓದಿದವರು ಕಡಿಮೆ. ನಮ್ಮ ದೊಡ್ಡಪ್ಪ ಇಂದಿಗೂ ದಿನಕ್ಕೆ ಹತ್ತು ಸಿಗರೇಟು ಸೇದುತ್ತಾ ಲಸಿಕೆಯನ್ನು ಬೈಯುತ್ತಾರೆ.

ತೋಟದಮನೆ ಮಗಳು · ಆಗಸ್ಟ್ 16

ಮೊದಲ ಪರೀಕ್ಷೆ ಆಯಿತು. ಆರು ನಿಮಿಷದಲ್ಲಿ ಜಗಲಿಯ 24 ಉದ್ದ, ಎರಡು ಸಲ ಕುಳಿತರು. ಲೆಕ್ಕ ತಪ್ಪಬಾರದೆಂದು ಎರಡು ಬಟ್ಟಲು ಇಟ್ಟೆವು. ಒಂದು ಉದ್ದಕ್ಕೆ ಒಂದು ಅಡಿಕೆ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಅಪ್ಪನೇ ಕಂಡುಹಿಡಿದ ಉಪಾಯ. ಬೋರ್ಗ್ ಅಂಕಿಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಎರಡು ಸಂಗತಿ. ಒಂದು, ಕೈಯಲ್ಲಿ ಅಡಿಕೆ ಹಿಡಿದ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ನೆನಪಾಗಿ ಒದ್ದಾಡುತ್ತಾರೆ. ನಲವತ್ತು ವರ್ಷದಿಂದ ಹೊಗೆಸೊಪ್ಪಿನ ಕವಳ. ಹೊಗೆಯಿಲ್ಲ, ಹಾಗಾಗಿ ಹೃದಯಕ್ಕೇನೂ ಇಲ್ಲ ಎನ್ನುತ್ತಾರೆ. ಇನ್ನೊಂದು, ನಿನ್ನೆ ರಾತ್ರಿ ಅಳುತ್ತಿದ್ದರು. ಅಪ್ಪ ಅಳುವುದನ್ನು ನಾನು ನೋಡಿಯೇ ಇರಲಿಲ್ಲ. ಏನೆಂದು ಕೇಳಿದರೆ ಮಳೆ ಜೋರಾಯಿತು, ಅಡಿಕೆಗೆ ಕೊಳೆರೋಗ ಬರುತ್ತದೆ ಎಂದರು.

ಫಿಸಿಯೋ ಧಾರವಾಡ · ಆಗಸ್ಟ್ 16

ಅಳಲಿ ಬಿಡಿ. ಹೃದಯಾಘಾತವಾದ ಐವರಲ್ಲಿ ಒಬ್ಬರಿಗೆ ಸುಮಾರಾಗಿ ಖಿನ್ನತೆ ಬರುತ್ತದೆ, ಅದು ಚೇತರಿಕೆಯನ್ನೂ ಹಿಂದಕ್ಕೆ ಎಳೆಯುತ್ತದೆ. ಕೊಳೆರೋಗದ ಮಾತನ್ನೇ ಹಿಡಿದು ಮಾತನಾಡಿಸಿ. ತೋಟಕ್ಕೆ ಯಾರು ಮದ್ದು ಹೊಡೆಯುತ್ತಾರೆ, ಎಷ್ಟು ಡ್ರಮ್ ಬೇಕು, ಈ ಲೆಕ್ಕವನ್ನು ಅವರಿಂದಲೇ ಹಾಕಿಸಿ. ಯಜಮಾನಿಕೆಯನ್ನು ಕೈಯಿಂದ ಕಿತ್ತುಕೊಂಡರೆ ಆಘಾತಕ್ಕಿಂತ ಅದೇ ಹೆಚ್ಚು ನೋಯಿಸುತ್ತದೆ. ಎರಡು ವಾರ ಕಳೆದರೂ ನಿದ್ರೆ, ಹಸಿವು, ಮಾತು ಮರಳದಿದ್ದರೆ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಕವಳದ ವಿಷಯದಲ್ಲಿ ಅವರ ವಾದ ತಪ್ಪು. ಹೊಗೆಸೊಪ್ಪಿನ ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕೆ ಸೇರಿ ನಾಡಿಯನ್ನೂ ಬಿಪಿಯನ್ನೂ ಏರಿಸುತ್ತದೆ. ತಂಬಾಕು ಪೊಟ್ಟಣಗಳ ಮೇಲೆ ಮುದ್ರಿಸಿರುವ 1800-11-2356ಕ್ಕೆ ಕರೆ ಮಾಡಿಸಿ, ಬಿಡಲು ನೆರವಾಗುತ್ತಾರೆ. ಅಡಿಕೆ ಬೆಳೆಯುವ ಮನೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಎಣಿಸುವುದಕ್ಕೆ ಅಡಿಕೆಯ ಬದಲು ಹುಣಸೆಬೀಜ ಇಡಿ.

ತೋಟದಮನೆ ಮಗಳು · ಆಗಸ್ಟ್ 19

ಹುಣಸೆಬೀಜ ಇಟ್ಟೆವು. ಅಮ್ಮನ ಅಡುಗೆಗೆ ಬರೋಣವೇ? ಎಣ್ಣೆ ಪೂರ್ತಿ ಬಂದ್ ಎಂದು ಅಮ್ಮ ಬೇಯಿಸಿದ ಸೊಪ್ಪು ಬಡಿಸುತ್ತಾರೆ, ಅಪ್ಪ ಅದಕ್ಕೆ ಅಪ್ಪೆಮಿಡಿ ನೆಂಚಿಕೊಂಡು ಊಟ ಮುಗಿಸುತ್ತಾರೆ.

ಒಗ್ಗರಣೆ · ಆಗಸ್ಟ್ 19

ಇದಕ್ಕೆ ನಾನು ಉತ್ತರಿಸುತ್ತೇನೆ, ಪೆಟ್ಟು ತಿಂದು ಕಲಿತದ್ದು. ಎಣ್ಣೆಗಿಂತ ಮೊದಲು ಉಪ್ಪು ಹಿಡಿಯಿರಿ. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಎಲ್ಲವೂ ಸೇರಿ. ಮಿಡಿ ಉಪ್ಪಿನಕಾಯಿ ಎಂದರೆ ಉಪ್ಪಿನಲ್ಲೇ ಮುಳುಗಿದ್ದು. ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಎಲ್ಲ ಅದೇ ಜಾತಿ. ಬಿಡಿಸಿದರೆ ಊಟವೇ ಬೇಡ ಎನ್ನುತ್ತಾರೆ, ಹಾಗಾಗಿ ರುಚಿಯನ್ನು ಬೇರೆ ಕಡೆಯಿಂದ ತನ್ನಿ. ನಿಮ್ಮ ಕಡೆಯ ತಂಬುಳಿ ಇದೆಯಲ್ಲ! ಒಂದೆಲಗ, ದೊಡ್ಡಪತ್ರೆ, ಜೀರಿಗೆ, ಕಾಳುಮೆಣಸು, ಕಡೆದ ಮಜ್ಜಿಗೆ, ಕಾಯಿ ಅರ್ಧ. ಉಪ್ಪು ಕಡಿಮೆಯಾದದ್ದು ಹುಳಿಗೆ ಗೊತ್ತಾಗುವುದಿಲ್ಲ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಶಿಯಂ ಇರುತ್ತದೆ. ರಾಮಿಪ್ರಿಲ್‌ನಂತಹ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದಂತೆ.

ಎಣ್ಣೆ ಪೂರ್ತಿ ಬಂದ್ ಬೇಡ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂದು ಬಾಟಲಿಗೆ ಗೆರೆ ಹಾಕಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕೊಬ್ಬರಿ ಎಣ್ಣೆ ನಮ್ಮದು, ಹಾಗಾಗಿ ಒಳ್ಳೆಯದು ಎನ್ನುವವರೊಂದಿಗೆ ನಾನು ಜಗಳವಾಡುವುದಿಲ್ಲ, ಆದರೆ ಅದರಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಹೆಚ್ಚು ಗಟ್ಟಿ ಕೊಬ್ಬೇ. ಒಗ್ಗರಣೆಗೆ ಒಂದು ಚಮಚ ಸಾಕು.

ಹೊಳೆಮತ್ತಿ · ಆಗಸ್ಟ್ 20

ತಂಬುಳಿಯ ವಿಷಯದಲ್ಲಿ ಒಪ್ಪುತ್ತೇನೆ. ಕಷಾಯ ಬೇಡವೆಂದಿರಿ, ಯೋಗವನ್ನಾದರೂ ಒಪ್ಪುತ್ತೀರೋ?

ಫಿಸಿಯೋ ಧಾರವಾಡ · ಆಗಸ್ಟ್ 20

ಒಪ್ಪುತ್ತೇನೆ, ಅಳತೆಯೊಂದಿಗೆ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು 4,000 ಜನರ ಮೇಲೆ ಯೋಗ ಆಧರಿತ ಪುನಶ್ಚೇತನದ ಪ್ರಯೋಗ ನಡೆಯಿತು, ಫಲಿತಾಂಶ 2020ರಲ್ಲಿ ಬಂತು. ಯೋಗ ಮಾಡಿದವರು ತಮ್ಮ ಆರೋಗ್ಯ ಉತ್ತಮವಾಗಿದೆ ಎಂದರು, ಹಿಂದಿನ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಆದರೆ ಸಾವು ಅಥವಾ ಮರು ಆಘಾತ ಕಡಿಮೆಯಾಯಿತು ಎಂದು ಖಚಿತವಾಗಿ ತೋರಿಸಲು ಆಗಲಿಲ್ಲ. ಜಿಮ್ಮು, ಕೇಂದ್ರ ಯಾವುದೂ ಇಲ್ಲದ ಊರಿನಲ್ಲಿ ಅದು ಒಳ್ಳೆಯ ಜೊತೆಗಾರ. ಶೀರ್ಷಾಸನ ಬೇಡ, ಉಸಿರು ಕಟ್ಟುವ ಕುಂಭಕ ಬೇಡ. ಶವಾಸನವಂತೂ ಎಲ್ಲರಿಗೂ ಬರುತ್ತದೆ!

ಹೆಸರು ಬೇಡ · ಆಗಸ್ಟ್ 28

ಕ್ಷಮಿಸಿ, ವೈದ್ಯರನ್ನು ಕೇಳಲು ಆಗದ ಪ್ರಶ್ನೆ. 49 ವರ್ಷ, ಸ್ಟೆಂಟ್ ಆಗಿ ಎರಡು ತಿಂಗಳು. ದಾಂಪತ್ಯ ಮೊದಲಿನಂತೆ ಇರಬಹುದೇ? ಪತ್ನಿ ಹೆದರಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ.

ಫಿಸಿಯೋ ಧಾರವಾಡ · ಆಗಸ್ಟ್ 28

ಕ್ಷಮೆ ಏಕೆ, ಇದನ್ನು ನಾವೇ ಎತ್ತಿ ಹೇಳಬೇಕಾಗಿತ್ತು. ಎರಡು ಮಹಡಿಯ ಮೆಟ್ಟಿಲನ್ನು ಚುರುಕಾಗಿ ಹತ್ತಿ ಎದೆನೋವು, ಅತಿಯಾದ ಏದುಸಿರು ಬರದಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮುಂದಿನ ಭೇಟಿಗೆ ಪತ್ನಿಯನ್ನೂ ಕರೆದೊಯ್ಯಿರಿ, ಹೆದರಿಕೆ ಅವರದು. ಒಂದು ಮಾತ್ರ ಗಟ್ಟಿಯಾಗಿ ನೆನಪಿಡಿ: ನಾಲಿಗೆಯ ಕೆಳಗಿನ ನೈಟ್ರೇಟ್ ಮಾತ್ರೆ ಬಳಸುವವರು ವಯಾಗ್ರದಂತಹ ಮಾತ್ರೆಯನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ತೋಟದಮನೆ ಮಗಳು · ಸೆಪ್ಟೆಂಬರ್ 21

ನಾನು ಬೆಂಗಳೂರಿನಲ್ಲಿದ್ದೇನೆ, ಹುಣಸೆಬೀಜದ ಲೆಕ್ಕ ದಿನವೂ ಫೋನಿನಲ್ಲಿ ಬರುತ್ತದೆ. ಆರು ನಿಮಿಷಕ್ಕೆ 38 ಉದ್ದ, ಎಲ್ಲೂ ಕೂರಲಿಲ್ಲ. ನಡುವೆ ಒಂದು ವಾರ ಕುಳಿತಲ್ಲೇ ಉಸಿರು ಸಾಲುತ್ತಿಲ್ಲ ಎಂದು ಹೆದರಿಸಿದರು. ವೈದ್ಯರು ಪರೀಕ್ಷಿಸಿ, ಅದು ರಕ್ತ ತೆಳು ಮಾಡುವ ಟಿಕಾಗ್ರೆಲೋರ್ ಮಾತ್ರೆಯಿಂದ ಎಂದು ಅದನ್ನು ಬದಲಿಸಿದರು. ನಾವೇ ನಿಲ್ಲಿಸದೆ ಕೇಳಿದ್ದು ಒಳ್ಳೆಯದಾಯಿತು. ಎಕೋದಲ್ಲಿ ಈಗ ಇಎಫ್ 52. ಚಿಕ್ಕಪ್ಪನಿಗೆ ಅಪ್ಪನೇ ಫೋನ್ ಮಾಡಿ ಹೇಳಿದರಂತೆ.

ಅಣ್ಣನೂ ನಾನೂ ರಕ್ತ ಪರೀಕ್ಷೆ ಮಾಡಿಸಿದೆವು. ಅಣ್ಣನಿಗೆ 38 ವರ್ಷ, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 171. ಅವನು ಗಾಬರಿಯಾಗಿದ್ದಾನೆ, ನನಗೆ ಒಳಗೊಳಗೇ ಸಮಾಧಾನ. ಈಗಲಾದರೂ ಗೊತ್ತಾಯಿತಲ್ಲ.

ಕವೆಂಟ್ರಿ ಕನ್ನಡಿಗ · ಸೆಪ್ಟೆಂಬರ್ 21

ಅಣ್ಣನಿಗೆ ಜೀವಮಾನಕ್ಕೆ ಒಂದು ಸಲ ಲೈಪೊಪ್ರೋಟೀನ್ ಎ ಎಂಬ, ರಕ್ತದಲ್ಲಿನ ಒಂದು ಬಗೆಯ ಕೊಬ್ಬಿನ ಕಣದ ಪರೀಕ್ಷೆಯನ್ನೂ ಮಾಡಿಸಲು ಹೇಳಿ. ಅದು ಹುಟ್ಟಿನಿಂದ ಬರುವಂಥದ್ದು, ಊಟದಿಂದ ಇಳಿಯುವುದಿಲ್ಲ, ಆದರೆ ಗೊತ್ತಿದ್ದರೆ ಉಳಿದದ್ದನ್ನು ಬಿಗಿ ಮಾಡಬಹುದು. ನನ್ನದು ಹೆಚ್ಚಿತ್ತು, 47ರವರೆಗೆ ಯಾರೂ ನೋಡಿರಲಿಲ್ಲ.

ಒಗ್ಗರಣೆ · ಅಕ್ಟೋಬರ್ 4

ನನ್ನ ಲೆಕ್ಕವನ್ನೂ ಬರೆದುಬಿಡುತ್ತೇನೆ. ವೈದ್ಯರಿಗೆ ತೋರಿಸಿಕೊಂಡು ಶುರು ಮಾಡಿ ಏಳು ವಾರವಾಯಿತು. ಸಂಜೆ ಐದೂವರೆಗೆ ದೇವಸ್ಥಾನದ ಸುತ್ತಿನ ರಸ್ತೆಯಲ್ಲಿ ನಡೆಯುತ್ತೇನೆ. ಆ ಅರ್ಧ ಗಂಟೆ ಮನೆಯಲ್ಲಿ ಯಾರಿಗೂ ಕಾಫಿ ಸಿಗುವುದಿಲ್ಲ. ಮೊದಲ ವಾರ ಗೊಣಗಿದರು, ಈಗ ತಾವೇ ಮಾಡಿಕೊಳ್ಳುತ್ತಾರೆ.

ತೋಟದಮನೆ ಮಗಳು · ನವೆಂಬರ್ 8

ದೀಪಾವಳಿ ಕಳೆದ ಮೇಲೆ ಮತ್ತೆ ಊರಿಗೆ ಬಂದಿದ್ದೇನೆ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ಎಲ್ಲೂ ಕಾಣಲಿಲ್ಲ. ಜಗಲಿಯಲ್ಲಿ ಇಲ್ಲ, ಕೊಟ್ಟಿಗೆಯಲ್ಲಿ ಇಲ್ಲ. ಅಮ್ಮನಿಗೆ ಕೈಕಾಲು ನಡುಗಿತು. ಓಡಿಹೋಗಿ ನೋಡಿದರೆ ದರೆ ಹತ್ತಿ ಬರುತ್ತಿದ್ದಾರೆ. ಯಾರಿಗೂ ಹೇಳದೆ ಒಬ್ಬರೇ ತೋಟಕ್ಕೆ ಇಳಿದಿದ್ದರು. ಹತ್ತುವಾಗ ಎರಡು ಕಡೆ ನಿಂತರಂತೆ, ಒಮ್ಮೆ ಹಲಸಿನ ಮರದ ಹತ್ತಿರ, ಒಮ್ಮೆ ತಿರುವಿನಲ್ಲಿ. ಅಂಗಿಯ ಜೇಬಿನಲ್ಲಿ ಮಾತ್ರೆಯ ಡಬ್ಬಿ ಇತ್ತು. ನನಗೆ ಸಿಟ್ಟು ಬಂದಿತ್ತು, ಬೈಯಬೇಕು ಎಂದುಕೊಂಡೆ. ಬಾಯಿಯಿಂದ ಬಂದದ್ದು ‘ಎಷ್ಟು?’ ಎಂಬ ಪ್ರಶ್ನೆ. ‘ಹದಿಮೂರು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ತಿರುವಿನ ಹತ್ತಿರ ಹದಿನಾಲ್ಕು’ ಎಂದು ತಿದ್ದಿದರು.

ಕೊನೆಯ ಪ್ರಶ್ನೆ. ಕೊಯ್ಲು ಬಂತು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯಬಹುದೇ? ಮೂಟೆ ಎತ್ತಬಹುದೇ?

ಫಿಸಿಯೋ ಧಾರವಾಡ · ನವೆಂಬರ್ 8

ಸುಲಿಯಲಿ. ಒಂದೇ ಕಡೆ ಕುಳಿತರೆ ಗಂಟೆಗೊಮ್ಮೆ ಎದ್ದು ಜಗಲಿಯ ನಾಲ್ಕು ಉದ್ದ ನಡೆಯಲಿ, ಕೊಯ್ಲಿನ ಉತ್ಸಾಹದಲ್ಲಿ ರಾತ್ರಿ ಹನ್ನೆರಡರವರೆಗೆ ಕೂರುವುದು ಬೇಡ. ಮೂಟೆ ಬೇಡ. ಭಾರ ಎತ್ತುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ, ಆಗ ಬಿಪಿ ಒಮ್ಮೆಲೇ ಜಿಗಿಯುತ್ತದೆ. ಬುಟ್ಟಿಯಲ್ಲಿ ಐದು ಕಿಲೋ ಮೀರದಷ್ಟು, ಉಸಿರು ಬಿಡುತ್ತಾ ಎತ್ತಲಿ. ಮುಂದಿನ ಭೇಟಿಯಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಬಹುದೇ ಎಂದು ಕೇಳಿ, ಅದನ್ನು ನೋಡಿ ಭಾರ ಏರಿಸೋಣ. ಹದಿನಾಲ್ಕು ಎಂದು ತಿದ್ದಿದವರ ಮೇಲೆ ನನಗೆ ನಂಬಿಕೆ ಇದೆ.

ಮೂರನೇ ಗೇರ್ · ನವೆಂಬರ್ 8

ದರೆ ಹತ್ತುವಾಗ ಗೇರ್ ಇಳಿಸಬೇಕು ಎಂದು ಅವರಿಗೆ ಹೇಳಿ ತಂಗೀ. ಕವಳ?

ತೋಟದಮನೆ ಮಗಳು · ನವೆಂಬರ್ 9

ಹೊಗೆಸೊಪ್ಪು ನಿಂತಿದೆ. ಬರೀ ಎಲೆ ಅಡಿಕೆ, ದಿನಕ್ಕೆ ಒಂದು ಎನ್ನುತ್ತಾರೆ, ಅಮ್ಮ ಎರಡು ಎನ್ನುತ್ತಾರೆ. ಅಡಿಕೆ ಕೊನೆ ಕೊಯ್ಯುವವರು ಸೋಮವಾರ ಬರುತ್ತಾರೆ.